ಚೆರುಟೊಗೆ ಸಿಂಹ ತೋರಿಸಿದ ದಿನ

ಕಿಬಿವಾಟನಿಗೆ ಹೆಂಡತಿ ಇರಲಿಲ್ಲ. ಮಾರಾ ಬಯಲಲ್ಲಿ ಸಫಾರಿ ಗಾಡಿ ಓಡಿಸುವ ಅವನು ಮನಸ್ಸಿಟ್ಟದ್ದು ಲಾಡ್ಜಿನಲ್ಲಿ ಪ್ರವಾಸಿಗರ ಬಟ್ಟೆ ಒಗೆಯುವ ಚೆರುಟೊ ಮೇಲೆ. ಅವಳದು ಒಂದೇ ಹಟ.

"ಪರದೇಶದವರಿಗೆಲ್ಲ ಸಿಂಹ ತೋರಿಸ್ತೀಯ. ಅವರ ಧೂಳು ಒಗೆಯೋಕೆ ಮಾತ್ರ ನಾನು. ಇವತ್ತು ನಂಗೂ ತೋರ್ಸು. ಇಲ್ದಿದ್ರೆ ಭಾನುವಾರ ನಿನ್ನ ದೊಡ್ಡಪ್ಪಂದಿರು ಹೆಣ್ಣಿಗೆ ಕೊಡೋ ತೆರದ ಹಸು ಮಾತಾಡೋಕೆ ನಮ್ಮನೆಗೆ ಬರೋದೇ ಬೇಡ."

ಬೆಳಗಿನಿಂದ ಸುತ್ತಿದರು. ಹುಲ್ಲು ಅಲ್ಲಾಡಿದಾಗಲೆಲ್ಲ ಚೆರುಟೊ ಸೀಟಿನ ಮೇಲೆ ಹತ್ತಿ "ಅದೇ! ಅದೇ!" ಎಂದು ಕುಣಿದಳು. ಪ್ರತಿ ಸಲವೂ ಅದು ಕಾಡುಹಂದಿ. ಮಧ್ಯಾಹ್ನ, ಒಂದು ಮರವೂ ಇಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ ಚಪಾತಿ ಡಬ್ಬಿ ತೆರೆದರು.

ನಿಲ್ಲಿಸಿದ್ದೇ ತಪ್ಪು. ಮಾರಾದಲ್ಲಿ ನಿಂತ ಗಾಡಿ ಎಂದರೆ ಸಿಂಹ ಕಂಡ ಗಾಡಿ. ಮದುವೆ ಊಟದ ವಾಸನೆ ಹಿಡಿದ ನೆಂಟರ ಹಾಗೆ ಗಾಡಿಗಳು ನುಗ್ಗಿದವು. ಎಲ್ಲರಿಗಿಂತ ಮುಂದೆ, ಹೊಸ ಜೀಪಿನ ಚಾಲಕ ಲಾಂಗಟ್.

"ಎಲ್ಲಿದೆಯೋ?"

"ಏನೂ ಇಲ್ಲ ಮಾರಾಯ. ಊಟ ಮಾಡ್ತಿದೀವಿ."

"ಸಿಂಹ ಬಚ್ಚಿಟ್ಟು ಚಪಾತಿ ತೋರಿಸ್ತೀಯಾ, ಕಳ್ಳ!"

"ನಮ್ಮಮ್ಮನಾಣೆಗೂ ಇಲ್ಲ!"

ಆಣೆ ಇಟ್ಟ ಮೇಲಂತೂ ಯಾರೂ ಕದಲಲಿಲ್ಲ. ರೋಸಿಹೋದ ಕಿಬಿವಾಟ್ ದೂರದ ಪೊದೆಯೊಂದಕ್ಕೆ ಬೆರಳು ತೋರಿಸಿದ. "ಅದರ ಹಿಂದಿದೆ. ಹೋಗಿ ಸಾಯ್ರಿ."

ಗಾಡಿಗಳು ಧೂಳೆಬ್ಬಿಸಿ ಓಡಿದವು. ಧೂಳು ಅಡಗುವಷ್ಟರಲ್ಲಿ ಎಲ್ಲವೂ ಹಿಂದಿರುಗಿ, ಇವರ ಸುತ್ತಲೇ ನಿಂತವು. ಕ್ಯಾಮೆರಾಗಳೆಲ್ಲ ಇತ್ತಲೇ ತಿರುಗಿದವು.

"ಅಯ್ಯೋ, ನನ್ನ ಫೋಟೋನಾ?" ಚೆರುಟೊ ತಲೆವಸ್ತ್ರ ಸರಿಮಾಡಿಕೊಂಡು, ಮುಖ ಓರೆ ಮಾಡಿ ನಕ್ಕಳು. ಸಿಟ್ಟೆಲ್ಲ ಕರಗಿತು. "ಹೋಗ್ಲಿ ಬಿಡು. ನಿನ್ನ ದೊಡ್ಡಪ್ಪಂದಿರು ಬರ್ಲಿ."

ಕಿಬಿವಾಟ್ ಹಿಗ್ಗಿ ಹೀರೆಕಾಯಿಯಾದ. ಆಗಲೇ ಗಾಡಿಯ ವೈರ್‌ಲೆಸ್ ರೇಡಿಯೋದಲ್ಲಿ ಲಾಂಗಟ್ ಪಿಸುಗುಟ್ಟಿದ: "ಲೋ, ಕಾಲು ಕೆಳಗಿಡಬೇಡ! ಪೊದೆ ಹಿಂದೆ ನಿಜವಾಗಿಯೂ ಸಿಂಹಿಣಿ ಇತ್ತು. ನಮಗೆ ಬೆದರಿ ಬಂದು ನಿನ್ನ ಗಾಡಿ ಅಡಿಗೇ ನೆರಳಿಗೆ ಮಲಗಿದೆ. ಎಂಥಾ ಸಿಂಹಿಣಿ ಮಾರಾಯ!"

"ನಂಗೆ ಕಾಣ್ತಿಲ್ಲ!" ಚೆರುಟೊ ಕಿಟಕಿಯಿಂದ ಕಿಟಕಿಗೆ ಹಾರಿದಳು. ಕಿಬಿವಾಟ್ ಅವಳ ಸೊಂಟ ಹಿಡಿದೆಳೆದ. ಸುತ್ತಲಿನವರೆಲ್ಲ "ಆಹಾ! ಓಹೋ!" ಅನ್ನುತ್ತಿದ್ದರೆ ಇವರಿಬ್ಬರಿಗೆ ಕಂಡದ್ದು ಗಾಡಿಯ ನೆಲ ಮಾತ್ರ. ಕೆಳಗೆ ಏನೋ ಕಡಿಯುವ ಸದ್ದು. ಆಮೇಲೆ ಢಬ್! ಟೈರು ಸಿಡಿದ ಸದ್ದಿಗೆ ಸಿಂಹಿಣಿ ಧೂಳಿನೊಳಗೆ ಮಾಯ.

ಲಾಂಗಟ್ ಜೀಪನ್ನು ಪಕ್ಕಕ್ಕೇ ತಂದು ನಿಲ್ಲಿಸಿದ. "ಇವನ ಗಾಡಿ ಇನ್ನು ಅಲ್ಲಾಡಲ್ಲ. ಬಾ ಚೆರುಟೊ, ಸಿಂಹಿಣಿ ಹಿಂದೇನೇ ಹೋಗೋಣ."

ಅವಳು ಚಪಾತಿ ಡಬ್ಬಿಯ ಸಮೇತ ಜೀಪಿಗೆ ಜಿಗಿದಳು.

ಭಾನುವಾರ ಹಸು ಮಾತಾಡಲು ಅವಳ ಮನೆಗೆ ಹೋದವರು ಲಾಂಗಟ್‌ನ ದೊಡ್ಡಪ್ಪಂದಿರು. ಕಿಬಿವಾಟನ ಕೈಬಿಟ್ಟು ಹೋದದ್ದು ಒಂದು ಟೈರು, ಒಂದು ಡಬ್ಬಿ ಚಪಾತಿ, ಒಬ್ಬಳು ಚೆರುಟೊ.