ಬಾದಾಮಿ ಮರ ಬೋಳಾದಾಗ

ಮರದ ವಿಚಾರದಲ್ಲಿ ಮನುಷ್ಯರು ಎರಡು ಬಗೆ: ನೆರಳಿನಲ್ಲಿ ನಿಲ್ಲುವವರು, ಎಲೆ ಗುಡಿಸುವವರು. ನಾನು ಬಹುಕಾಲ ಮೊದಲನೆಯ ಬಗೆಯವನು, ನನ್ನ ಹೆಂಡತಿ ಸರೋಜ ಎರಡನೆಯವಳು. ಹಾಗಾಗಿ ಮೇಟಗಳ್ಳಿಯ ನಮ್ಮ ಮನೆ ಮುಂದೆ ಅವಳೇ ನೆಟ್ಟು ಬೆಳೆಸಿದ ಬಾದಾಮಿ ಮರದ ಮೇಲೆ ನನಗೆ ಯಾವ ತಕರಾರೂ ಇರಲಿಲ್ಲ. ಈ ಸಲ ಚಳಿಗಾಲದ ಕೊನೆಗೆ ಅವಳಿಗೆ ಸೊಂಟ ಹಿಡಿದುಕೊಂಡು ಪೊರಕೆ ನನ್ನ ಕೈಗೆ ಬಂತು. ತಕರಾರು ಹುಟ್ಟಿದ್ದು ಆವಾಗ.

ಬಾದಾಮಿ ಎಲೆ ಸಾಮಾನ್ಯದ್ದಲ್ಲ, ಅದರ ಮೇಲೆ ಚಿತ್ರಾನ್ನ ಬಡಿಸಬಹುದು. ಗೇಟಿನಿಂದ ಗುಡಿಸುತ್ತಾ ಮೂಲೆ ಮುಟ್ಟುವಷ್ಟರಲ್ಲಿ ಗೇಟಿನ ಬಳಿ ಮತ್ತೆ ಕೆಂಪು ರಾಶಿ. ಎದುರುಮನೆಯ ಶಿವಣ್ಣನವರು ಇದನ್ನು ನೋಡುತ್ತಾ, "ನಮ್ ಮಾವಿನ ಮರ ನೋಡಿ ಸಾರ್, ವರ್ಷವೆಲ್ಲಾ ಹಸಿರು. ನಿಮ್ದು ಒಣಗೋಯ್ತು ಕಣ್ರೀ, ತೆಗೆಸ್ಬುಡಿ" ಎಂದರು. ವಾರದಲ್ಲಿ ಮರ ಪೂರ್ತಿ ಬೋಳಾಯಿತು. ನಾನು ಮರ ಕಡಿಯಲು ಅನುಮತಿ ಕೊಡುವ ಕಚೇರಿಗೆ ಹೋಗಿ, ಮನೆ ಮುಂದಿನ ಮರ ಸತ್ತಿದೆಯೆಂದು ಅರ್ಜಿ ಕೊಟ್ಟು ಬಂದೆ.

"ಸತ್ತಿಲ್ಲ ಕಣ್ರೀ, ಪ್ರತಿ ವರ್ಷ ಹಿಂಗೇ ಆಗೋದು" ಎಂದಳು ಸರೋಜ.

"ನಾನು ನೋಡೇ ಇಲ್ವಲ್ಲ?"

"ನೀವು ಮನೇಲಿ ಏನು ನೋಡಿದ್ದೀರಿ?"

ಮಾರನೆಯ ದಿನದಿಂದ ಕಾಫಿ ಲೋಟ ನನ್ನ ಮುಂದೆ ಸ್ವಲ್ಪ ಸದ್ದು ಮಾಡಿಕೊಂಡೇ ಕೂರತೊಡಗಿತು. ಅವಳನ್ನು ಸಮಾಧಾನಪಡಿಸಲು ನರ್ಸರಿಗೆ ಹೋಗಿ, ಎಲೆ ಉದುರಿಸದ ಗಿಡ ಕೇಳಿದೆ. ಅಲ್ಲಿ ಸೂಜಿಯೆಲೆಯ ಕ್ರಿಸ್ಮಸ್ ಗಿಡವೊಂದು ನೆಟ್ಟಗೆ ನಿಂತಿತ್ತು. ಹಿಮದಲ್ಲೂ ಹಸಿರಾಗಿರುವ ಮರ, ಮೈಸೂರಿನಲ್ಲಿ ಏನು ಉದುರಿಸೀತು ಎಂದುಕೊಂಡು ಕುಂಡದ ಸಮೇತ ತಂದು ಬಿಸಿಲಿಗಿಟ್ಟೆ. ಯುಗಾದಿಯ ಹೊತ್ತಿಗೆ ಅದು ಕಂದಾಗಿ, ಸೂಜಿಗಳೆಲ್ಲ ಅಂಗಳಕ್ಕಿಳಿದು ಬರಿಗಾಲಿಗೆ ಚುಚ್ಚುತ್ತಿದ್ದವು.

ಹಬ್ಬಕ್ಕೆ ಬಂದಿದ್ದ ನಾದಿನಿ ವಿಮಲ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. "ಹಸಿರಾಗಿರುತ್ತೆ ಅಂದ್ರೆ ಎಲೆ ಉದುರೋದೇ ಇಲ್ಲ ಅಂತಲ್ಲ ಭಾವ. ಮಾವು ದಿನಾ ನಾಲ್ಕು ನಾಲ್ಕು ಉದುರಿಸುತ್ತೆ, ಹೊಸದು ಬರ್ತಾನೇ ಇರುತ್ತೆ, ನಮಗೆ ಗೊತ್ತಾಗಲ್ಲ. ಬಾದಾಮಿ ಒಂದೇ ಸಲ ಕಳಚಿ ಹಾಕುತ್ತೆ, ಅಷ್ಟೇ."

"ಮತ್ತೆ ಈ ಸೂಜಿಯೆಲೆದು?"

"ಅದು ಬೇರೆ ಲೆಕ್ಕ. ಬೀಜ ಶಂಕುವಿನ ಥರದ ಕಾಯಲ್ಲಿ ಬಿಡೋ ಜಾತಿ. ಹೆಚ್ಚಿನವು ಹಸಿರಾಗೇ ಇರ್ತವೆ, ಆದ್ರೆ ಚಳಿದೇಶದಲ್ಲಿ ಕೆಲವು ಬಾದಾಮಿ ಥರಾನೇ ಬೋಳಾಗ್ತವೆ. ನಿಮ್ಮದು ಮಾತ್ರ ಯಾವ ಜಾತಿಗೂ ಸೇರಲ್ಲ ಭಾವ, ಅದು ಸತ್ತಿದೆ."

ಬಾದಾಮಿ ಅಷ್ಟರಲ್ಲಿ ಚಿಗುರಿ, ಬೀದಿಗೆಲ್ಲ ಕೊಡೆ ಹಿಡಿದಂತಿತ್ತು. ಶಿವಣ್ಣನವರ ಕಾರು ಅದರಡಿಯಲ್ಲೇ ನಿಲ್ಲುತ್ತಿತ್ತು. ಅರ್ಜಿಯನ್ನು ಎಲ್ಲರೂ ಮರೆತಿರಲಿ ಎಂದು ನಾನು ಹಾರೈಸುತ್ತಿರುವಾಗಲೇ ಅಧಿಕಾರಿ ಬಂದರು. ಹೆಲ್ಮೆಟ್ ತೆಗೆದು, ಬಾದಾಮಿಯ ನೆರಳಿನಲ್ಲಿ ನಿಂತು ಬೆವರೊರೆಸಿಕೊಂಡು, "ಸತ್ತಿರೋ ಮರ ಯಾವುದು ಸಾರ್?" ಎಂದರು.

ಸರೋಜ ಕುಂಡದ ಕಡೆ ಕೈ ತೋರಿಸಿದಳು. "ಅದು ಸಾರ್. ಇವರೇ ತಂದಿದ್ದು."

ಅವರು ಮೊಳಕಾಲುದ್ದದ ಆ ಕಡ್ಡಿಯನ್ನು ನೋಡಿ, "ಇದಕ್ಕೆ ಅನುಮತಿ ಬೇಡ, ನೀವೇ ಕಿತ್ಕೊಳ್ಳಿ" ಎಂದು ಗಾಡಿ ಹತ್ತಿದರು. ಸರೋಜ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರಿಂದ ನಾನೂ ನಕ್ಕೆ.

ಈ ಸುದ್ದಿಯನ್ನು ಬೀದಿಗೆ ಹಂಚಿದ್ದು ಶಿವಣ್ಣನವರು. ಈಗ ಯಾರ ಮನೆಯ ಗಿಡ ಬಾಡಿದರೂ ನನ್ನನ್ನು ಗೌರವದಿಂದ ಕರೆದು ತೋರಿಸುತ್ತಾರೆ. ನಾನು ಸತ್ತಿದೆ ಎಂದರೆ ಸಾಕು, ನಿಶ್ಚಿಂತೆಯಿಂದ ನೀರು ಹಾಕುತ್ತಾರೆ.