ಮಡಿಸಬಾರದ ಮಹಾರಾಜರು

ಬಹಳ ಹಿಂದೆ, ಆಕಾಶಕ್ಕೆ ಇನ್ನೂ ಯಾರೂ ತೆರಿಗೆ ಹಾಕಿರದ ಕಾಲದಲ್ಲಿ, ಉತ್ತುಂಗಪುರಿ ಎಂಬ ರಾಜ್ಯವಿತ್ತು. ಪಕ್ಕದ ರಾಜ್ಯದವರು ಆಕಾಶಕ್ಕೆ ಮನುಷ್ಯನನ್ನು ಕಳಿಸುವ ಸನ್ನಾಹದಲ್ಲಿದ್ದಾರೆಂಬ ಗುಪ್ತ ವರದಿ ಬಂದದ್ದೇ ತಡ, ಶ್ರೀಮನ್ಮಹಾರಾಜ ಗಗನಪ್ರತಾಪರು ತಮ್ಮ ಐವತ್ತನೆಯ ಹುಟ್ಟುಹಬ್ಬದಂದೇ ನಮ್ಮವನು ಹಾರತಕ್ಕದ್ದೆಂದು ಅಪ್ಪಣೆ ಕೊಡಿಸಿದರು. ವಾಹನ ಸಿದ್ಧವಾಗಿರಲಿಲ್ಲ. ಹುಟ್ಟುಹಬ್ಬ ಸಿದ್ಧವಾಗಿತ್ತು.

ಹಾರುವವನು ಭರಮಣ್ಣ. ಅವನು ಕೂರುವ ಉಕ್ಕಿನ ಗೋಳ ಕೆಳಗಿಳಿಯುವಾಗ ಬಿಚ್ಚಿಕೊಳ್ಳಬೇಕಾದ ಪ್ಯಾರಾಚೂಟನ್ನು ಮಡಿಸುವವಳು ಚೆನ್ನವ್ವ. ಇಪ್ಪತ್ತು ವರ್ಷದಿಂದ ಆಕೆಗೆ ಅದೇ ಕೆಲಸ. ಅಭ್ಯಾಸದ ದಿನಗಳಲ್ಲಿ ಭರಮಣ್ಣ ಹದಿನೇಳು ಸಲ ಅವಳ ಮಡಿಕೆಯನ್ನು ನಂಬಿ ಧುಮುಕಿ, ಹದಿನೇಳು ಸಲವೂ ಊಟದ ಹೊತ್ತಿಗೆ ಬಂದಿದ್ದ.

ಇನ್ನು ಮೂರು ದಿನವಿದೆ ಎನ್ನುವಾಗ ಅರಮನೆಯಿಂದ ಪ್ಯಾರಾಚೂಟಿಗೆ ಹೊಸ ಬಟ್ಟೆ ಬಂತು. ಅದರ ತುಂಬ ಮಹಾರಾಜರ ಮುಖ. ಬ್ರ್ಯಾಂಡಿಂಗ್ ಅಂತೆ. ಹಿಂದೆಯೇ ಶಿಷ್ಟಾಚಾರ ಮಂತ್ರಿ ವಿನಯಭೂಷಣರೂ ಬಂದರು.

"ಏನಮ್ಮಾ ಅದು, ಪ್ರಭುಗಳ ಮೂಗು ಮಡಚ್ತಿದ್ದೀಯಾ?"

"ಮೂಗಲ್ಲ ಸ್ವಾಮಿ, ಬಟ್ಟೆ. ಮಡಚದೆ ಡಬ್ಬಿಯೊಳಗೆ ಕೂರಲ್ಲ."

"ರಾಜಮುಖ ಮಡಚೋದು ರಾಜದ್ರೋಹ. ಚಾಪೆ ಥರ ಸುತ್ತಿ ತುರುಕು. ಸುತ್ತೋದಕ್ಕೆ ಕಾಯ್ದೆಯಲ್ಲಿ ನಿಷೇಧ ಇಲ್ಲ."

"ಸುತ್ತಿದ್ರೆ ಬಿಚ್ಚಲ್ಲ ಸ್ವಾಮಿ. ಮನುಷ್ಯ ಸಾಯ್ತಾನೆ."

"ನೆಗೆಟಿವ್ ಮಾತು ಬೇಡ. ಪ್ರಭುಗಳ ಮುಖ ಕಂಡ್ರೆ ಗಾಳಿಯೇ ಎದ್ದು ನಿಂತು ಗೌರವ ಕೊಡುತ್ತೆ."

ಚೆನ್ನವ್ವ ಭರಮಣ್ಣನಲ್ಲಿಗೆ ಓಡಿ, ನಡೆದದ್ದನ್ನೆಲ್ಲ ಹೇಳಿದಳು. "ಹತ್ತಬೇಡ ಕಣೋ ತಮ್ಮಾ. ಹೊಟ್ಟೆನೋವು ಅಂದ್ಬಿಡು."

"ನಂಗೆ ಹೊಟ್ಟೆನೋವು ಬಂದ್ರೆ ನನ್ನ ಬದಲಿಗೆ ಕಾದಿರೋ ಮಾಳಿಂಗನ್ನ ಹತ್ತಿಸ್ತಾರಕ್ಕಾ. ಮದುವೆಯಾಗಿ ಹದಿನೈದು ದಿನ ಆಗಿಲ್ಲ ಅವನಿಗೆ. ಗಾಳಿ ಅವನಿಗೆ ಮಾತ್ರ ಗೌರವ ಕೊಡುತ್ತಾ?"

ಮಂತ್ರಿಗಳು ಊಟಕ್ಕೆ ಹೋದಾಗ ಚೆನ್ನವ್ವ ರಾಜಮುಖ ಒಳಗಾಗುವಂತೆ ಬಟ್ಟೆಯನ್ನು ಮಡಿಸಿ ಡಬ್ಬಿಗೆ ತುಂಬಿದಳು. ಹಾರಾಟದ ದಿನದ ತಪಾಸಣೆಯಲ್ಲಿ ಸಿಕ್ಕಿಬಿದ್ದಳು, ಕೆಲಸ ಹೋಯಿತು. ಮಂತ್ರಿಗಳು ಪ್ರಭುಗಳ ಹಣೆಗೆ ಖುದ್ದು ನಿಂತು ಇಸ್ತ್ರಿ ಹಾಕಿಸಿ, ಬಟ್ಟೆಯನ್ನು ಸುತ್ತಿಸಿ, ಡಬ್ಬಿಗೆ ಮೊಹರು ಒತ್ತಿದರು.

ಭರಮಣ್ಣ ಹಾರಿದ. ವಾದ್ಯ ಮೊಳಗಿತು. ಇಳಿಯುವ ಹೊತ್ತಿಗೆ ಸುರುಳಿ ಸುರುಳಿಯಾಗಿಯೇ ಹೊರಬಂತು, ಸುರುಳಿಯಾಗಿಯೇ ಉಳಿಯಿತು. ಬಯಲಿನಲ್ಲಿ ಕತ್ತೆತ್ತಿ ನಿಂತ ಚೆನ್ನವ್ವ "ಬಿಚ್ಕೋ, ಬಿಚ್ಕೋ" ಎನ್ನುತ್ತಲೇ ಇದ್ದಳು. ನೆಲ ಅದುರಿತು. ಭರಮಣ್ಣ ಊಟಕ್ಕೆ ಬರಲಿಲ್ಲ.

ಆಸ್ಥಾನದಲ್ಲಿ ಮಹಾರಾಜರು ಗದ್ಗದಿತರಾಗಿ ಕೇಳಿದರು: "ನಮ್ಮ ಮುಖ?"

"ಒಂದು ಸುಕ್ಕೂ ಇಲ್ಲ ಪ್ರಭೂ!"

"ಹಾಗಾದರೆ ಯಶಸ್ವಿ."

'ನಿಗದಿತ ಸಮಯಕ್ಕಿಂತ ಮೊದಲೇ ಭೂಸ್ಪರ್ಶ' ಎಂದು ಪತ್ರಿಕಾ ಪ್ರಕಟಣೆ ಹೊರಟಿತು. ವಿನಯಭೂಷಣರು ಮಹಾಮಂತ್ರಿಗಳಾದರು. ವಿಜಯದ ನೆನಪಿಗೆ ರಾಜ್ಯದ ಪ್ರತಿ ಕೊಡೆಯ ಮೇಲೂ ರಾಜಮುಖ ಕಡ್ಡಾಯವಾಯಿತು, ಪ್ರಜೆಗಳದೇ ಖರ್ಚಿನಲ್ಲಿ. ಮುಖವಿದ್ದ ಮೇಲೆ ಮಡಿಸುವಂತಿಲ್ಲ. ಮಡಿಸದ ಕೊಡೆ ಬಾಗಿಲಲ್ಲಿ ಹಿಡಿಸುವುದಿಲ್ಲ. ಬಾಗಿಲು ಒಡೆಸಿ ಅಗಲ ಮಾಡಿಸಿಕೊಳ್ಳಲು ಮೂರು ತಿಂಗಳ ಗಡುವು. ಅರ್ಜಿ ಶುಲ್ಕ ಪ್ರತ್ಯೇಕ.

ಅಷ್ಟರಲ್ಲಿ ಮಳೆಗಾಲ ಬಂತು. ಇಡೀ ಉತ್ತುಂಗಪುರಿ ತಂತಮ್ಮ ಮನೆಯ ಮುಂದೆ ಕೊಡೆ ಹಿಡಿದು ನಿಂತುಕೊಂಡಿತು. ಚೆನ್ನವ್ವ ಮಾತ್ರ ಎಲ್ಲರೂ ನೋಡನೋಡುತ್ತಿದ್ದಂತೆ ಮಹಾರಾಜರನ್ನು ಮಡಿಸಿ, ಕಂಕುಳಲ್ಲಿಟ್ಟುಕೊಂಡು ಒಳಗೆ ನಡೆದಳು.

ಹಿಡಿದೊಯ್ಯಲು ಪೊಲೀಸರು ಓಡಿ ಬಂದರು. ಅವರ ಕೊಡೆಗಳೂ ಬಾಗಿಲಲ್ಲಿ ಹಿಡಿಸಲಿಲ್ಲ.