ಸೀಲಿಂಗ್ ಮೇಲಿನ ಗಾಳಿದಾರಿ

ನನ್ನ ಮೊಮ್ಮಗಳು ಏಣಿ ಹತ್ತಿದ ಕಡೆಯೆಲ್ಲ ಒಂದಲ್ಲ ಒಂದು ತಮಾಷೆ ಆಗೇ ಆಗ್ತೈತೆ. ನಾನೇನು ಅದನ್ನ ಹುಡುಕ್ಕೊಂಡು ಹೋಗಲ್ಲ. ಆವರಗೆರೆಯಿಂದ ಅವಳಿಗೆ ರೊಟ್ಟಿ ಬುತ್ತಿ ಒಯ್ತೀನಿ, ಆಗಿದ್ದು ಕಣ್ಣಿಗೆ ಬೀಳ್ತೈತೆ. ಐಟಿಐ ಓದಿ, ಕಂಡವರ ಕೈಕೆಳಗೆ ವೈರು ಎಳೆದೂ ಎಳೆದು, ಈ ಸಲ ಮೊದಲ ಬಾರಿಗೆ ಸ್ವಂತಕ್ಕೆ ಕೆಲಸ ಹಿಡಿದಿದ್ದಳು. ಕೆ.ಬಿ. ಬಡಾವಣೆಯಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿ. ಇದು ಚೆಂದಾಗಿ ಮುಗಿದರೆ ಅದೇ ಸಾವುಕಾರರ ಹರಿಹರದ ಅಂಗಡಿನೂ ಅವಳಿಗೇ ಅಂತ ಮಾತಾಗಿತ್ತು.

ವಾಚ್‌ಮನ್ನನ ಹಾಸಿಗೆ

ಅಂಗಡಿಗೆ ಬಿಳೀ ಹಲಗೆ ಜೋಡಿಸಿದ ಫಾಲ್ಸ್ ಸೀಲಿಂಗು. ಒಂದು ಹಲಗೆ ಸರಿಸಿ ತಲೆ ತೂರಿಸಿದ ಮೊಮ್ಮಗಳು, ಇದು ಯಾರ ಹಾಸಿಗೆ ಅಂತ ಅಲ್ಲಿಂದಲೇ ಕೇಳಿದಳು. ವಾಚ್‌ಮನ್ನಂದು. ಮನೆಯಲ್ಲಿ ಅಟ್ಟಕ್ಕೆ ಎಸೆದಂಗೆ ಎಸೆದಿದ್ದ.

ಇದು ಅಟ್ಟ ಅಲ್ಲ, ಗಾಳಿ ವಾಪಸ್ ಹೋಗೋ ದಾರಿ ಅಂತ ಅವಳು ಬಿಡಿಸಿ ಹೇಳಿದಳು. ಎಸಿ ಬಿಟ್ಟ ತಣ್ಣನೆ ಗಾಳಿ ಅಂಗಡಿಯೆಲ್ಲ ಸುತ್ತಿ, ಜಾಲರಿಯಿಂದ ಈ ಟೊಳ್ಳಿಗೆ ಏರಿ, ಮತ್ತೆ ಎಸಿಗೇ ಹೋಗ್ತೈತಂತೆ. ಕಟ್ಟಡಕ್ಕೆ ಇದು ಮೂಗು ಇದ್ದಂಗೆ. ಹಾಸಿಗೆ ಏನು ಭಾರ ಇಲ್ಲ ಬಿಡವ್ವ, ಬರೀ ಹತ್ತಿ ಅಂದ ಆತ.

"ಮೂಗಿಗೆ ಹತ್ತಿ ಯಾವಾಗ ಇಡ್ತಾರೆ ಕಾಕಾ?"

ಆತ ಹಾಸಿಗೆ ಎಳಕೊಂಡು ಓಡಿದ ರಭಸಕ್ಕೆ ಅವಳ ಏಣಿನೇ ಅಲ್ಲಾಡಿತು.

ಮೇಲೆ ಯಾರು ನೋಡ್ತಾರೆ

ಕ್ಯಾಮೆರಾ, ಸ್ಪೀಕರಿನ ವೈರು ಎಳೆಯೋದು ಬಾಕಿ ಇತ್ತು. ಹಳೇ ಅಂಗಡಿಯಲ್ಲಿ ಮಿಕ್ಕ ಸಾದಾ ವೈರಿನ ಸುರುಳಿಗಳನ್ನ ಸಾವುಕಾರರು ತಂದು ಗುಡ್ಡೆ ಹಾಕಿದರು. ಮೊಮ್ಮಗಳು ಮುಟ್ಟಲಿಲ್ಲ. ಆ ಟೊಳ್ಳಿನಲ್ಲಿ ಕಬ್ಬಿಣದ ಪೈಪಿನೊಳಗೇ ಎಳೀಬೇಕು, ಇಲ್ಲಾಂದ್ರೆ ಬೇಗ ಉರಿಯದ, ಹೊಗೆ ಕಮ್ಮಿ ಬಿಡೋ ವೈರೇ ಬೇಕು ಅಂದಳು.

"ಮೇಲೆ ಯಾರವ್ವ ನೋಡ್ತಾರೆ?"

"ಬೆಂಕಿ ನೋಡ್ತೈತೆ ಸಾವ್ಕಾರ್ರೆ."

ಅವರಿಗೆ ಸಿಟ್ಟು ಬಂತು. ನಾಳೆ ಇದೇ ವೈರು ಎಳೆಯದಿದ್ದರೆ ಬೇರೆಯವರನ್ನ ಕರೆಸ್ತೀನಿ, ಹರಿಹರದ ಆಸೆನೂ ಬಿಟ್ಟುಬಿಡು ಅಂದರು. ಇವಳು ಕಟಿಂಗ್ ಪ್ಲೇಯರ್ ಚೀಲಕ್ಕೆ ಹಾಕ್ಕೊಂಡಳು. ಮೊದಲನೇ ಕೆಲಸವೇ ಕೈತಪ್ಪಿತಲ್ಲ ಅಂದ್ಕೊಂಡೆ. ಹಿರಿಯರು ನೀವಾದರೂ ಬುದ್ಧಿ ಹೇಳ್ರಿ ಅಂತ ಸಾವುಕಾರರು ನನ್ನ ಕಡೆ ತಿರುಗಿದರು.

"ತಲೆಗೆ ಎಣ್ಣೆ ಹಚ್ಕೊಳ್ಳೆ ಅಂದ್ರೇ ಕೇಳಲ್ರಿ ಇವ್ಳು," ಅಂದೆ. "ಪೈಪಿನ ಮಾತು ಕೇಳ್ತಾಳಾ?"

ಬಾರದ ಘಾಟು

ಮರುದಿನ ಎಸಿಯವರು ಸಾವುಕಾರರ ರೂಮಿಗಷ್ಟೇ ತಣ್ಣನೆ ಗಾಳಿ ಬಿಟ್ಟು ಯಂತ್ರ ಓಡಿಸಿ ನೋಡ್ತಿದ್ದರು. ಸಾವುಕಾರರು ಆ ತುದಿಯ ತಮ್ಮ ರೂಮಿನಲ್ಲಿ ಬಾಗಿಲು ಮುಚ್ಕೊಂಡು ಬೇರೆ ವೈರಿಂಗಿನವನಿಗೆ ಫೋನ್ ಹಚ್ಚಿದ್ದರು. ಮೊಮ್ಮಗಳು ಏಣಿ ಮಡಚ್ತಿದ್ದಳು.

ಅಷ್ಟರಲ್ಲಿ ಅಂಗಡಿಗೆ ದೃಷ್ಟಿ ತೆಗೀಬೇಕು ಅಂತ ಸಾವುಕಾರರ ತಾಯಿ ಬಂದರು. ಕೈಯಲ್ಲಿ ಕೆಂಡದ ಹರಿವಾಣ, ಸೆರಗಿನಲ್ಲಿ ಉಪ್ಪು, ಒಣಮೆಣಸಿನಕಾಯಿ. ನಿಂತದ್ದು ನೆಟ್ಟಗೆ ಗಾಳಿ ಎಳಕೊಳ್ಳೋ ಆ ಜಾಲರಿ ಕೆಳಗೆ. ಇಳಿ ತೆಗೆದು ಎಲ್ಲಾನೂ ಕೆಂಡಕ್ಕೆ ಸುರಿದರು. ಚಟಪಟ ಅಂತು. ಹೊಗೆ ಸುರ್ರನೆ ಮೇಲಕ್ಕೆ ಹೋತು. ನಮಗೆ ಒಂದು ಸೀನೂ ಬರಲಿಲ್ಲ. ಘಾಟು ಬರಲಿಲ್ಲ ಅಂದ್ರೆ ದೃಷ್ಟಿ ಜೋರಾಗಿತ್ತು ಅಂತ ನಮ್ಮ ಕಡೆ ನಂಬಿಕೆ. ಆಯಮ್ಮನ ಮುಖ ಅರಳಿತು.

ಆ ತುದಿಯಲ್ಲಿ ರೂಮಿನ ಬಾಗಿಲು ಧಡಾರನೆ ತೆರೀತು. ಸಾವುಕಾರರು ಅಂಗಿ ಎತ್ತಿ ಮೂಗಿಗೆ ಹಿಡಕೊಂಡು, ಕೆಮ್ಮಿ ಕೆಮ್ಮಿ, ಕಣ್ಣೀರು ಸುರಿಸ್ತಾ ಬಂದರು. ಎಲ್ಲಿ ಬೆಂಕಿ ಅಂತ ಕೈಸನ್ನೆಯಲ್ಲೇ ಕೇಳಿದರು.

ಮೊಮ್ಮಗಳು ಮೇಲಕ್ಕೆ ತೋರಿಸಿದಳು. "ಬೆಂಕಿ ಇಲ್ರಿ. ಒಂದು ಹಿಡಿ ಮೆಣಸಿನಕಾಯಿ ಹೊಗೆ ಸೀಲಿಂಗ್ ಮೇಲಿಂದ ಎಸಿಗೆ ಹೋಗಿ, ನಿಮ್ಮ ರೂಮಿಗೆ ಬಂತು. ವೈರು ಸುಟ್ರೂ ಇದೇ ದಾರಿ. ಆ ಹೊಗೆ ಬರೀ ಕೆಮ್ಮಿಗೆ ಬಿಡಲ್ಲ."

ಅವರ ಕೈಯಲ್ಲಿದ್ದ ಫೋನು ಇನ್ನೂ ಹಲೋ ಹಲೋ ಅಂತಿತ್ತು. ಅದನ್ನ ಕಟ್ ಮಾಡಿದರು. ಉಸಿರು ಹಿಡಿತಕ್ಕೆ ಬಂದ ಮೇಲೆ, "ಏಣಿ ಬಿಚ್ಚವ್ವ," ಅಂದರು. "ಕಬ್ಬಿಣದ ಪೈಪೇ ಹಾಕು. ಹರಿಹರಕ್ಕೂ ನೀನೇ ಬಾ."

ಹರಿಹರ ಅಂದದ್ದೇ ತಡ, ಅವರ ತಾಯಿ ಹರಿವಾಣ ಹಿಡಕೊಂಡೇ ಹತ್ತಿರ ಬಂದರು. ಇಲ್ಲಿ ಒಂಚೂರೂ ಘಾಟು ಬರಲಿಲ್ಲ ಮಗನೇ, ಅಷ್ಟು ದೃಷ್ಟಿ ಇತ್ತು, ಅಲ್ಲಿ ಎರಡು ಹಿಡಿ ಹಾಕ್ತೀನಿ ಅಂದರು.

ಸಾವುಕಾರರು ಕಣ್ಣು ಒರೆಸಿಕೊಂಡು ಮೊಮ್ಮಗಳ ಕಡೆ ಬಗ್ಗಿ, ಮೆಲ್ಲಗೆ ಹೇಳಿದರು:

"ಹರಿಹರದಾಗೆ ನನ್ನ ರೂಮಿಗೆ ಎಸಿ ಬ್ಯಾಡವ್ವ. ಒಂದು ಫ್ಯಾನ್ ಸಾಕು."